ಐಗಳ ಮಠವೂ ಮನೆಯ ಪಡಸಾಲೆಯೂ

ನಮ್ಮ ಹಿರಿಯರ ಮಾತಿನಲ್ಲಿ ಮಠವೆಂಬ ಶಬ್ದಕ್ಕೆ ಎರಡು ಅರ್ಥಗಳಿದ್ದವು. ಗುರುಗಳು ನೆಲೆಸಿರುವ ಪುಣ್ಯಸ್ಥಾನ ಒಂದು; ಮಕ್ಕಳು ಅಕ್ಷರ ಕಲಿಯುವ ಶಾಲೆ ಇನ್ನೊಂದು. ‘ಹುಡುಗನನ್ನು ಮಠಕ್ಕೆ ಹಾಕಿದಿರೇನು?’ ಎಂದರೆ ‘ಶಾಲೆಗೆ ಸೇರಿಸಿದಿರೇನು?’ ಎಂದೇ ಅರ್ಥ. ಐಗಳು ಕಲಿಸುತ್ತಿದ್ದುದರಿಂದ ಅದು ಐಗಳ ಮಠ. ಮಕ್ಕಳ ಮನೆಯವರು ಕೊಡುವ ಸಂಭಾವನೆಯ ಮೇಲೆ ನಡೆಯುತ್ತಿದ್ದುದರಿಂದ ಕೂಲಿಮಠ. ಉತ್ತರ ಕರ್ನಾಟಕದ ಕಡೆ ಗಾಂವಠಿ ಶಾಲೆ ಎಂಬ ಹೆಸರೂ ಉಂಟು. ಸರಕಾರಿ ಶಾಲೆಗಳು ಬಂದ ಮೇಲೂ ಈ ಹೆಸರು ಜನರ ನಾಲಿಗೆಯಿಂದ ಬೇಗ ಮಾಯವಾಗಲಿಲ್ಲ. ಧಾರವಾಡದಿಂದ ಶಿಕ್ಷಕರಿಗಾಗಿ ಹೊರಟ ‘ಜೀವನ ಶಿಕ್ಷಣ’ ಪತ್ರಿಕೆಗೆ ಮೊದಲಲ್ಲಿ ‘ಮಠಪತ್ರಿಕೆ’ ಎಂದೇ ಹೆಸರಿದ್ದಿತು.

ಆ ಹಳೆಯ ಮಠಗಳನ್ನು ಇಂದು ನೆನೆಯುವುದಕ್ಕೆ ಕಾರಣವಿದೆ. ಮಗು ನಾಲ್ಕನೆಯ ಇಯತ್ತೆಗೆ ಬಂದರೂ ಒಂದು ಸಾಲನ್ನು ತಡವರಿಸದೆ ಓದಲಾರದು, ಕೈಸಾಲ ಹಿಡಿದು ಕಳೆಯುವ ಲೆಕ್ಕವನ್ನು ಮಾಡಲಾರದು ಎಂಬ ದೂರು ಎಲ್ಲ ಕಡೆಗಳಿಂದಲೂ ಕೇಳಿಬರುತ್ತಿದೆ. ಮನೆಯಲ್ಲಿ ಯಾರೂ ಪುಸ್ತಕ ತೆಗೆಸುವುದಿಲ್ಲವೆಂದು ಶಿಕ್ಷಕರು ಹೇಳುತ್ತಾರೆ. ಶಾಲೆಯಲ್ಲಿ ಕಲಿಸುವುದಿಲ್ಲವೆಂದು ತಂದೆತಾಯಿಗಳು ಹೇಳುತ್ತಾರೆ. ಇಬ್ಬರ ನಡುವೆ ನಿಂತ ಮಗು ಮಾತ್ರ ಏನನ್ನೂ ಹೇಳುವುದಿಲ್ಲ. ಓದು ಮತ್ತು ಲೆಕ್ಕದಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂಬ ಈ ಪ್ರಶ್ನೆ ಹೊಸದಲ್ಲ. ಇನ್ನೂರು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿಯೇ ಅದಕ್ಕೆ ಒಂದು ಬಗೆಯ ಉತ್ತರವಿದ್ದಿತು. ಆ ಉತ್ತರದಲ್ಲಿ ಮೆಚ್ಚತಕ್ಕುದೂ ಇದೆ, ಮರುಗತಕ್ಕುದೂ ಇದೆ.

೧೮೨೨ರ ಜೂನ್ ೨೫ರಂದು ಮದರಾಸು ಪ್ರಾಂತದ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಅಧಿಕಾರಿಗಳಿಗೆ ಒಂದು ಟಿಪ್ಪಣಿಯನ್ನು ಬರೆದನು. ಪ್ರತಿಯೊಂದು ಜಿಲ್ಲೆಯಲ್ಲಿಯೂ ಶಾಲೆಗಳೆಷ್ಟಿವೆ, ಅಲ್ಲಿ ಯಾವ ಯಾವ ಜಾತಿಯ ಮಕ್ಕಳೆಷ್ಟು ಓದುತ್ತಾರೆ, ಏನನ್ನು ಓದುತ್ತಾರೆ ಎಂಬ ವಿವರ ಬೇಕೆಂಬುದು ಅದರ ಸಾರಾಂಶ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟ್ ೧೭ರಂದು ಕಳುಹಿಸಿದ ವರದಿಯು ಇವುಗಳಲ್ಲೆಲ್ಲ ವಿಶೇಷವಾದುದು. ಕ್ಯಾಂಪ್‌ಬೆಲ್ ತೆಲುಗಿನ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದವನು. ಅಂಕಿಗಳನ್ನು ತುಂಬಿ ಕಳುಹಿಸಿ ಸುಮ್ಮನಾಗದೆ, ಮಗು ಮಠದ ಹೊಸ್ತಿಲು ದಾಟುವ ಮೊದಲಿನಿಂದ ಪಾಠ ಮುಗಿಸುವ ತನಕದ ಕ್ರಮವನ್ನೆಲ್ಲ ಬಿಡಿಸಿ ಬರೆದಿದ್ದಾನೆ. ಧರಂಪಾಲರು ೧೯೮೩ರಲ್ಲಿ ಈ ಹಳೆಯ ದಾಖಲೆಗಳನ್ನೆಲ್ಲ ಒಂದುಗೂಡಿಸಿ ಪ್ರಕಟಿಸಿದ ಮೇಲೆ ಅವು ಸಾಮಾನ್ಯ ವಾಚಕರಿಗೂ ದೊರೆಯುವಂತಾದವು.

ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಅನಂತಪುರದ ಸೀಮೆಯೂ ಅದರಲ್ಲಿಯೇ ಸೇರಿದ್ದಿತು. ಜನಸಂಖ್ಯೆ ೯,೨೭,೮೫೭. ಶಾಲೆಗಳು ೫೩೩, ಓದುವ ಮಕ್ಕಳು ೬,೬೪೧. ಎಂದರೆ ಒಂದೊಂದು ಶಾಲೆಗೆ ಸುಮಾರು ಹನ್ನೆರಡು ಮಕ್ಕಳು. ಆ ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದು. ಇವಲ್ಲದೆ ಬ್ರಾಹ್ಮಣರು ಮಾತ್ರ ಸಂಸ್ಕೃತಶಾಸ್ತ್ರಗಳನ್ನು ಓದುವ ೨೩ ಸ್ಥಾನಗಳು. ವರದಿಯಲ್ಲಿ ಶೂದ್ರರೆಂದು ನಮೂದಿಸಿರುವ ಬಾಲಕರ ಸಂಖ್ಯೆ ೨,೯೯೮. ಬ್ರಾಹ್ಮಣ ಬಾಲಕರು ೧,೧೮೫. ಒಕ್ಕಲು ಮಕ್ಕಳೂ ಕಸುಬುದಾರರ ಮಕ್ಕಳೂ ಅಕ್ಷರದಿಂದ ದೂರವೇ ಇದ್ದರೆಂಬ ಮಾತು ಪೂರ್ಣ ಸತ್ಯವಲ್ಲವೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಅನೇಕ ಪುಸ್ತಕಗಳು ಎಲ್ಲ ಮಕ್ಕಳಿಗೂ ಸಾಮಾನ್ಯವಾಗಿದ್ದರೂ, ಲಿಂಗಧಾರಿಗಳ ಮಕ್ಕಳು ಅವುಗಳ ಜೊತೆಗೆ ಬಸವಪುರಾಣ, ಚನ್ನಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತಗಳನ್ನು ಓದುತ್ತಿದ್ದರೆಂದು ಕ್ಯಾಂಪ್‌ಬೆಲ್ ಹೆಸರಿಟ್ಟು ಹೇಳಿದ್ದಾನೆ.

ಇನ್ನು ಮನೆಯ ಪಾಲಿನ ವಿಚಾರ. ಮಗುವಿಗೆ ಐದು ವರ್ಷ ತುಂಬಿದಾಗ ವಿದ್ಯಾಭ್ಯಾಸದ ಆರಂಭವಾಗುತ್ತಿದ್ದುದು ಮಠದಲ್ಲಲ್ಲ, ಮನೆಯಲ್ಲಿ. ತಂದೆತಾಯಿಗಳು ಐಗಳನ್ನೂ ಮಠದ ಮಕ್ಕಳೆಲ್ಲರನ್ನೂ ತಮ್ಮ ಮನೆಗೆ ಕರೆಯುತ್ತಿದ್ದರು. ಎಲ್ಲರೂ ಗಣಪತಿಯ ಮೂರ್ತಿಯ ಸುತ್ತ ಕುಳಿತ ಮೇಲೆ ಮಗುವನ್ನು ದೇವರಿಗೆ ಎದುರಾಗಿ ಕುಳ್ಳಿರಿಸುವರು. ಐಗಳು ಪಕ್ಕದಲ್ಲಿ ಕುಳಿತು ಧೂಪ ನೈವೇದ್ಯಗಳನ್ನು ಅರ್ಪಿಸಿ, ಬುದ್ಧಿಯನ್ನು ಬೇಡುವ ಪ್ರಾರ್ಥನೆಯನ್ನು ಮಗುವಿನಿಂದ ಹೇಳಿಸಿ, ಅದರ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಯಿಸುವರು. ಮನೆಯವರು ಯಥಾಶಕ್ತಿ ಕಾಣಿಕೆ ಕೊಟ್ಟು ಕಳುಹಿಸುವರು. ಮಗು ಮಠಕ್ಕೆ ಕಾಲಿಡುತ್ತಿದ್ದುದು ಮರುದಿನ ಬೆಳಗ್ಗೆ.

ಇದನ್ನು ಬರಿಯ ಶಾಸ್ತ್ರವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಫಲವನ್ನು ಯೋಚಿಸಿರಿ. ಗುರು ಮೊದಲು ಮನೆಗೆ ಬಂದನು; ಮಗು ಆಮೇಲೆ ಮಠಕ್ಕೆ ಹೋಯಿತು. ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ತನ್ನ ಮಗುವಿನ ಮೊದಲ ಅಕ್ಷರವನ್ನು ತನ್ನ ಮನೆಯ ಅಕ್ಕಿಯ ಮೇಲೆ ಕಂಡಳು. ಮಠದ ಹುಡುಗರೆಲ್ಲ ಆ ಮಗುವಿನ ಮುಖವನ್ನು ಮೊದಲೇ ನೋಡಿದ್ದರು. ಮರುದಿನ ಮಗು ಅಪರಿಚಿತರ ನಡುವೆ ಹೋಗಿ ಕುಳಿತುಕೊಳ್ಳಬೇಕಾಗಿರಲಿಲ್ಲ.

ಮಠ ತೆರೆಯುತ್ತಿದ್ದುದು ಬೆಳಗಿನ ಆರು ಗಂಟೆಗೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಅಂಗೈಯಲ್ಲಿ ಸರಸ್ವತಿಯನ್ನು ಹೊತ್ತು ಬಂದ ಮಗನನ್ನು ಕಂಡರೆ ಮನೆಯವರಿಗೆ ಬೇರೆ ವರದಿ ಬೇಕಾಗಿರಲಿಲ್ಲ. ಆದರೆ ಈ ಪೆಟ್ಟಿನ ಲೆಕ್ಕವೂ, ಸೋಮಾರಿ ಹುಡುಗನ ಕೈಗಳನ್ನು ಕಟ್ಟಿ ಮಾಡಿಗೆ ತೂಗಹಾಕುತ್ತಿದ್ದ ಶಿಕ್ಷೆಯೂ ನಾವು ಮರಳಿ ಬಯಸತಕ್ಕವಲ್ಲ. ಮನೆಯ ತಡಕ್ಕೆ ಮಗು ಪೆಟ್ಟು ತಿನ್ನಬೇಕಾಗಿದ್ದುದು ನ್ಯಾಯವೂ ಅಲ್ಲ.

ಅಕ್ಷರಾಭ್ಯಾಸದ ಕ್ರಮವು ಸರಳವಾದುದು. ಬಾಯಿಂದ ಅಕ್ಷರಮಾಲೆಯನ್ನು ಒಪ್ಪಿಸುವುದಕ್ಕೆ ಮೊದಲು ಮಗು ನೆಲದ ಮರಳಿನಲ್ಲಿ ಬೆರಳಿನಿಂದ ತಿದ್ದುತ್ತಿದ್ದಿತು. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯು ಮೂರು ಅಡಿ ಉದ್ದ, ಒಂದು ಅಡಿ ಅಗಲದ ಮರದ ತುಂಡು. ಅದಕ್ಕೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಸವರಿದರೆ ಸಿದ್ಧವಾಯಿತು. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ ಇದ್ದಿಲು ಅಂಟುಗಳ ಲೇಪ ಕೊಟ್ಟುದು. ಬಳಪದಿಂದ ಬರೆಯುವುದು, ಒದ್ದೆಯ ಬಟ್ಟೆಯಿಂದ ಒರಸುವುದು. ಮರಳು, ಅನ್ನ, ಗಂಜಿ, ಇದ್ದಿಲು, ಹಳೆಯ ಬಟ್ಟೆ: ಇವುಗಳಲ್ಲಿ ಯಾವುದೂ ಬಡವನ ಮನೆಯಲ್ಲಿ ಇಲ್ಲದ ಪದಾರ್ಥವಲ್ಲ. ಇಷ್ಟು ಅಲ್ಪ ವೆಚ್ಚದಲ್ಲಿ ಬರವಣಿಗೆ ಕಲಿಸುವ ಈ ಕ್ರಮವನ್ನೂ, ಮುಂದಿನ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ಪಾಠವನ್ನೂ ಗಟ್ಟಿಮಾಡಿಕೊಳ್ಳುವ ಪದ್ಧತಿಯನ್ನೂ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡ್ ಇದನ್ನು ಅನುಸರಿಸಿದ್ದು ತಕ್ಕದ್ದೆಂದು ಬರೆದಿದ್ದಾನೆ. ಮದರಾಸಿನ ಎಗ್ಮೂರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ಆ ರೂಢಿಯನ್ನು ತಂದು, ೧೭೯೭ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ಬಗೆಗೆ ಪುಸ್ತಕ ಪ್ರಕಟಿಸಿದ್ದನು.

ಗಣಿತದ ವಿಷಯವು ಇನ್ನೂ ವಿಚಾರಾರ್ಹವಾದುದು. ಮಗು ನೂರರವರೆಗೆ ಎಣಿಸಲು ಕಲಿತು, ಕೂಡುವ ಮಗ್ಗಿಯನ್ನು ಬಾಯಿಪಾಠ ಮಾಡಿ, ಹಣದ ಕೂಡಿಸುವ ಕಳೆಯುವ ಲೆಕ್ಕಗಳನ್ನೂ, ಆಮೇಲೆ ಗುಣಾಕಾರ ಮತ್ತು ಅಳತೆಗಳ ಲೆಕ್ಕಗಳನ್ನೂ ಮಾಡುತ್ತಿದ್ದಿತು. ಹೆಚ್ಚಿನ ಶ್ರಮ ಬೀಳುತ್ತಿದ್ದುದು ಭಿನ್ನರಾಶಿಯ ಮೇಲೆ. ಅದು ಹತ್ತು ಹತ್ತರಂತೆ ಇಳಿಯದೆ ನಾಲ್ಕು ನಾಲ್ಕರಂತೆ ಇಳಿಯುವುದು. ಒಂದರ ನಾಲ್ಕನೆಯ ಪಾಲು ಕಾಲು. ಕಾಲಿನ ಕಾಲು ವೀಸ. ವೀಸದ ಕಾಲು ಕಾಣಿ. ಈ ಭಿನ್ನಗಳನ್ನೂ ಮಗ್ಗಿಗಳನ್ನೂ ಅಳತೆ, ತೂಕ, ಉದ್ದಗಳ ಕೋಷ್ಟಕಗಳನ್ನೂ ಮಕ್ಕಳು ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬನ ಹಿಂದೆ ಒಕ್ಕೊರಲಿನಿಂದ ಹೇಳುತ್ತಿದ್ದರು.

ಈ ನಾಲ್ಕರ ಲೆಕ್ಕವನ್ನೇ ಏಕೆ ಕಲಿಸಿದರು? ಮನೆಯ ಲೆಕ್ಕವೂ ಪೇಟೆಯ ಲೆಕ್ಕವೂ ಅದೇ ಆಗಿದ್ದುದರಿಂದ. ನಮ್ಮಲ್ಲಿ ವಯಸ್ಸಾದವರು ಬಲ್ಲರು: ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು, ರೂಪಾಯಿಗೆ ನಾಲ್ಕು ಪಾವಲಿ, ಪಾವಲಿಗೆ ನಾಲ್ಕು ಆಣೆ. ಅಕ್ಷರವನ್ನೇ ಅರಿಯದ ತಾಯಿಯೂ ಜೋಳ ಅಳೆಯುವಾಗ ಈ ಲೆಕ್ಕವನ್ನು ತಪ್ಪುತ್ತಿರಲಿಲ್ಲ. ಮಠದಲ್ಲಿ ಬಾಯಿಪಾಠವಾದುದು ಮನೆಯ ಕಣಜದ ಬಳಿ ಕೈಗೆ ಬರುತ್ತಿದ್ದಿತು. ಮಗ ಕಲಿತನೋ ಇಲ್ಲವೋ ಎಂಬುದನ್ನು ತಂದೆ ಸಂತೆಯಲ್ಲಿ ಪರೀಕ್ಷಿಸಬಹುದಾಗಿದ್ದಿತು. ಓದಿನಲ್ಲಿಯೂ ಹಾಗೆಯೇ. ಐಗಳು ಬೇರೆ ಬೇರೆ ಕಡೆಗಳಿಂದ ನಾನಾ ಬಗೆಯ ಕೈಬರಹದ ಪತ್ರಗಳನ್ನು ಕೂಡಿಹಾಕಿ ಮಕ್ಕಳಿಂದ ಓದಿಸುತ್ತಿದ್ದರು; ಕಾಗದ ಬರೆಯುವುದನ್ನೂ ಕರಾರುಪತ್ರ ಬರೆಯುವುದನ್ನೂ ಕಲಿಸುತ್ತಿದ್ದರು. ಮನೆಗೆ ಬಂದ ಓಲೆಯನ್ನು ಮಗ ಓದಿ ಹೇಳಿದ ದಿನವೇ ಅವನ ಪರೀಕ್ಷೆಯ ದಿನ. ಶಾಲೆ ಕಲಿಸುವುದು, ಮನೆ ಬಳಸಿ ನೋಡುವುದು: ಹಳೆಯ ಪದ್ಧತಿಯ ಜೀವ ಇದ್ದುದು ಇಲ್ಲಿ.

ಮನೆಯೇ ಶಾಲೆಯಾಗಿದ್ದ ಕಡೆಗಳೂ ಇದ್ದವು. ಕೆನರಾ ಜಿಲ್ಲೆಯ, ಎಂದರೆ ಇಂದಿನ ದಕ್ಷಿಣ ಮತ್ತು ಉತ್ತರ ಕನ್ನಡಗಳ ಸೀಮೆಯ ಕಲೆಕ್ಟರನು ೧೮೨೨ರಲ್ಲಿ, ಇಲ್ಲಿ ಶಿಕ್ಷಣವು ಬಹುಮಟ್ಟಿಗೆ ಮನೆಮನೆಗಳಲ್ಲಿಯೇ ನಡೆಯುವುದರಿಂದ ಶಾಲೆಗಳ ಸಂಖ್ಯೆಯನ್ನು ಕೊಟ್ಟರೆ ಅದು ದಾರಿತಪ್ಪಿಸೀತೆಂದು ಉತ್ತರವಿತ್ತನು. ಮನ್ರೋ ೧೮೨೬ರ ಮಾರ್ಚ್ ೧೦ರ ಟಿಪ್ಪಣಿಯಲ್ಲಿ ಪ್ರಾಂತಕ್ಕೆಲ್ಲ ೧೨,೪೯೮ ಶಾಲೆಗಳೆಂದು ಲೆಕ್ಕ ಕೊಟ್ಟು, ಮದರಾಸು ನಗರದಲ್ಲಿ ಮನೆಯಲ್ಲಿಯೇ ಕಲಿಯುವವರ ಸಂಖ್ಯೆ ೨೬,೯೬೩ ಎಂದೂ ಅದು ಶಾಲೆಗಳಲ್ಲಿ ಕಲಿಯುವವರ ಐದು ಪಟ್ಟಿಗೂ ಹೆಚ್ಚೆಂದೂ ಬರೆದಿದ್ದಾನೆ. ಈ ಸಂಖ್ಯೆಯಲ್ಲಿ ತಪ್ಪಿರಬಹುದೆಂದು ಅವನಿಗೇ ಅನುಮಾನವಿದ್ದಿತು; ಆದರೆ ಬಂಧುಗಳಿಂದ ಮನೆಯಲ್ಲಿ ಪಾಠ ಹೇಳಿಸಿಕೊಳ್ಳುವ ವಾಡಿಕೆ ಎಲ್ಲ ಕಡೆಯೂ ಉಂಟೆಂಬುದರಲ್ಲಿ ಅನುಮಾನವಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯದೆಲ್ಲ ಹೊನ್ನೆಂದು ಹಾಡಿದಂತಾಗುವುದು. ಆ ವ್ಯವಸ್ಥೆಯಲ್ಲಿ ಮೂರು ದೊಡ್ಡ ಕೊರತೆಗಳಿದ್ದವು.

ಮೊದಲನೆಯದು, ಅರ್ಥವಿಲ್ಲದ ಬಾಯಿಪಾಠ. ಹುಡುಗರು ರಾಶಿ ರಾಶಿ ಪದ್ಯಗಳನ್ನು ಉಚ್ಚಾರದೋಷವಿಲ್ಲದೆ ಹೇಳುವರು. ಅರ್ಥವನ್ನು ಕೇಳಿದರೆ ಗಿಳಿಗೆ ತಿಳಿದಿರುವಷ್ಟೂ ತಿಳಿಯದೆಂದು ಕ್ಯಾಂಪ್‌ಬೆಲ್ ಖಂಡಿಸಿದ್ದಾನೆ. ಅನೇಕ ಐಗಳಿಗೇ ಅರ್ಥ ತಿಳಿಯದಿದ್ದಾಗ ಮಕ್ಕಳಿಗೆ ಹೇಗೆ ತಿಳಿದೀತು? ಲೆಕ್ಕವನ್ನು ಮನೆ ಪರೀಕ್ಷಿಸಬಲ್ಲದಾಗಿತ್ತು. ಕಾವ್ಯದ ಅರ್ಥವನ್ನು ಪರೀಕ್ಷಿಸುವವರು ಮನೆಯಲ್ಲಿ ವಿರಳವಾಗಿದ್ದರು. ಮನೆ ಕೇಳದ ಕಡೆ ಮಠವೂ ಸಡಿಲವಾಯಿತು.

ಎರಡನೆಯದು, ಹೆಣ್ಣುಮಕ್ಕಳ ಗತಿ. ೬,೬೪೧ ಮಕ್ಕಳಲ್ಲಿ ಹುಡುಗಿಯರು ೬೦. ಒಂಬತ್ತು ಲಕ್ಷಕ್ಕೂ ಮಿಕ್ಕ ಜನರಿದ್ದ ಜಿಲ್ಲೆಯಲ್ಲಿ ಅರುವತ್ತೇ ಹುಡುಗಿಯರು! ಬಸವಾದಿ ಶರಣರ ಕಾಲದಲ್ಲಿ ವಚನ ರಚಿಸಿದ ಅಕ್ಕಂದಿರ ನಾಡಿನಲ್ಲಿ ಏಳು ಶತಮಾನಗಳ ತರುವಾಯ ಉಳಿದಿದ್ದುದು ಇಷ್ಟು. ಅಕ್ಕಿಯ ಮೇಲೆ ಮಗನ ಬೆರಳು ಆಡುವುದನ್ನು ನೋಡುತ್ತ ನಿಂತ ಆ ತಾಯಿಗೆ, ಅವನು ಬರೆದುದು ಏನೆಂದು ಓದಲು ಬರುತ್ತಿರಲಿಲ್ಲವೆಂಬುದನ್ನು ಮರೆಯಲಾಗದು.

ಮೂರನೆಯದು ಎಲ್ಲಕ್ಕಿಂತ ಘೋರವಾದುದು. ಮನೆಯನ್ನೇ ಆಧಾರವಾಗಿ ಹಿಡಿದ ಮಠ, ಮನೆ ಬಡವಾದ ದಿನ ತಾನೂ ಕುಸಿಯಿತು. ಹಿಂದೆ ಮಠಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲ, ದೊಡ್ಡ ಮಠಗಳಿದ್ದಲ್ಲಿ ಉಳ್ಳವರ ಕೆಲವೇ ಮಕ್ಕಳು ಉಳಿದಿದ್ದಾರೆ ಎಂದು ಕಲೆಕ್ಟರನೇ ಬರೆದನು. ಕಾರಣವನ್ನೂ ಅವನು ಮುಚ್ಚಿಡಲಿಲ್ಲ. ವಿಲಾಯತಿ ಬಟ್ಟೆ ಬಂದು ಇಲ್ಲಿಯ ನೇಕಾರರ ಗಳಿಕೆ ಬತ್ತಿತು, ದೇಶೀಯ ಅರಸರೂ ಅವರ ಅಧಿಕಾರಿಗಳೂ ಇಲ್ಲಿಯೇ ವೆಚ್ಚಮಾಡುತ್ತಿದ್ದ ಹಣ ಪರದೇಶದವರ ಕೈಸೇರಿತು, ನಾಡು ಬಡವಾಯಿತು. ನಡುತರದವರಿಗೂ ಕೆಳತರದವರಿಗೂ ಮಕ್ಕಳನ್ನು ಓದಿಸುವ ಶಕ್ತಿಯಿಲ್ಲವಾಗಿ, ಎಳೆಯ ಕೈಗಳು ಕೆಲಸಕ್ಕೆ ಬಂದ ಕೂಡಲೇ ದುಡಿಮೆಗೆ ಹಚ್ಚಬೇಕಾಯಿತು. ಅನುಕೂಲವಿದ್ದವರ ಮಕ್ಕಳು ಹದಿನಾಲ್ಕು ಹದಿನೈದು ವರ್ಷ ಓದಿದರೆ, ಬಡವರ ಮಕ್ಕಳು ಐದೇ ವರ್ಷಕ್ಕೆ ಮಠ ಬಿಡುತ್ತಿದ್ದರು. ೫೩೩ ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುವುದೆಂದು ಅವನು ಒಪ್ಪಿಕೊಂಡನು. ತಂದೆತಾಯಿಗಳ ನೆರವೆಂದರೆ ಅವರ ಹಣವೆಂದೇ ಭಾವಿಸಿದಾಗ ಬಡವನ ಮಗುವಿಗೆ ಬಾಗಿಲು ಮುಚ್ಚುವುದೆಂಬ ಪಾಠ ಇಲ್ಲಿದೆ.

ಮುಂದೆ ಸರಕಾರವು ಶಾಲೆಗಳನ್ನು ಕೈಗೆತ್ತಿಕೊಂಡಿತು. ಮನ್ರೋ ತಾಲ್ಲೂಕು ಶಾಲೆಗಳ ಉಪಾಧ್ಯಾಯರಿಗೆ ತಿಂಗಳಿಗೆ ಒಂಬತ್ತು ರೂಪಾಯಿ ಸಂಬಳವನ್ನು ಗೊತ್ತುಮಾಡಿದಾಗ, ಹೆಚ್ಚುಕಡಿಮೆ ಅಷ್ಟೇ ಹಣ ಮಕ್ಕಳಿಂದಲೂ ಬರುವುದೆಂದು ನಂಬಿದ್ದನು. ಮನೆಯ ಕೈ ಬಿಡಿಸುವುದು ಅವನ ಉದ್ದೇಶವಾಗಿರಲಿಲ್ಲ. ಆದರೆ ೧೮೨೭ರಲ್ಲಿ ಅವನು ತೀರಿಕೊಂಡನು. ಆ ಯೋಜನೆಯೂ ಬಹುಕಾಲ ಬಾಳಲಿಲ್ಲ. ೧೮೫೪ರ ವುಡ್ ಸಾಹೇಬನ ಆಜ್ಞಾಪತ್ರದ ನಂತರ ಶಿಕ್ಷಣ ಇಲಾಖೆಗಳು ಹುಟ್ಟಿದವು. ಪಠ್ಯಪುಸ್ತಕ ಬಂದಿತು, ತರಬೇತಿ ಪಡೆದ ಶಿಕ್ಷಕರು ಬಂದರು, ಹೆಣ್ಣುಮಕ್ಕಳ ಶಾಲೆಗಳು ಬಂದವು. ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರ ದುಡಿಮೆಯಿಂದ ಉತ್ತರ ಕರ್ನಾಟಕದಲ್ಲಿ ಮರಾಠಿಯ ನಡುವೆ ಕನ್ನಡ ಶಾಲೆಗಳು ತಲೆಯೆತ್ತಿದವು. ಇವೆಲ್ಲ ದೊಡ್ಡ ಲಾಭಗಳು. ಆದರೆ ಒಂದು ನಷ್ಟವೂ ಆಯಿತು: ಪರೀಕ್ಷಕನು ಬದಲಾದನು. ಮೊದಲು ಮಗುವಿನ ಕಲಿಕೆಯನ್ನು ನೋಡುವವರು ಮನೆಯವರಾಗಿದ್ದರು. ಈಗ ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರರಾದರು. ತಂದೆತಾಯಿಗಳು ಮೆಲ್ಲಮೆಲ್ಲನೆ ಹೊಸ್ತಿಲಾಚೆ ನಿಂತರು. ೧೯೫೭ರ ಏಪ್ರಿಲ್ ೧ರಿಂದ ದಶಮಾನ ನಾಣ್ಯ ಬಂದಿತು. ತೂಕ ಅಳತೆಗಳೂ ಬದಲಾದವು. ಆ ಬದಲಾವಣೆ ಅವಶ್ಯವೇ ಆಗಿದ್ದರೂ, ಅಜ್ಜಿಯ ಪಾವು ಚಟಾಕಿಗೂ ಮೊಮ್ಮಗನ ಲೀಟರು ಕಿಲೋಗ್ರಾಮಿಗೂ ನಡುವಿನ ಮಾತು ಕೆಲಕಾಲ ಕಡಿದುಹೋಯಿತು.

ಕಡಿದ ಎಳೆಯನ್ನು ಕೂಡಿಸುವ ಯತ್ನಗಳು ಇತ್ತೀಚಿನ ದಶಕಗಳಲ್ಲಿ ನಡೆದಿವೆ. ೨೦೦೧ರಲ್ಲಿ ಕರ್ನಾಟಕ ಸರಕಾರವು ಪ್ರತಿ ಸರಕಾರಿ ಶಾಲೆಗೂ ಪಾಲಕರಿಂದ ಕೂಡಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಏರ್ಪಡಿಸಿತು. ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೂ ಪೋಷಕರೂ ಆಗಿರಬೇಕು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿತು. ಅದೇ ಕಾಯಿದೆಯ ೨೪ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ: ಶಿಕ್ಷಕರು ಪೋಷಕರನ್ನು ಆಗಾಗ ಕರೆದು ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿಗಳನ್ನು ತಿಳಿಸಬೇಕು. ಹಿಂದೆ ಐಗಳು ಮನೆಗೆ ಹೋಗುತ್ತಿದ್ದರು. ಇಂದು ಮನೆಯವರನ್ನು ಶಾಲೆಗೆ ಕರೆಯಬೇಕೆಂದು ಶಾಸನ ಹೇಳುತ್ತದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪಾಗಿ ಕುಳಿತು ಒಬ್ಬರಿಂದೊಬ್ಬರು ಕಲಿಯುವುದನ್ನು ಕಂಡವರಿಗೆ, ಕ್ಯಾಂಪ್‌ಬೆಲ್ ಮೆಚ್ಚಿದ ಹಳೆಯ ಪದ್ಧತಿಯ ನೆನಪಾಗದಿರದು.

ಆದರೂ ಒಂದು ಸಂಶಯ ಉಳಿಯುತ್ತದೆ. ತಾವೇ ಓದುಬರಹ ಕಲಿಯದ ತಂದೆತಾಯಿಗಳು ಮಕ್ಕಳಿಗೆ ಏನು ನೆರವಾದಾರು? ಇದಕ್ಕೆ ಉತ್ತರ ದೂರದ ಲಂಡನ್ನಿನಿಂದ ಬಂದಿದೆ. ಅಲ್ಲಿಯ ಹ್ಯಾರಿಂಗೇ ಎಂಬ ಭಾಗದಲ್ಲಿ ದುಡಿಯುವ ಜನರೂ ಪರದೇಶಗಳಿಂದ ಬಂದು ನೆಲಸಿದವರೂ ಹೆಚ್ಚು. ೧೯೭೬ರಿಂದ ೧೯೭೮ರವರೆಗೆ ಅಲ್ಲಿಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ತರಗತಿಯ ಮಕ್ಕಳು ಶಾಲೆಯಿಂದ ಪುಸ್ತಕ ಒಯ್ದು ಮನೆಯಲ್ಲಿ ತಂದೆತಾಯಿಗಳಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಅವರು ಕೇಳಬೇಕು, ಇಷ್ಟೇ. ಬೇರೆ ಕೆಲವು ತರಗತಿಗಳಿಗೆ ಶಾಲೆಯಲ್ಲಿಯೇ ಹೆಚ್ಚಿನ ಶಿಕ್ಷಕರ ನೆರವನ್ನು ಒದಗಿಸಿದರು. ೧೯೮೨ರಲ್ಲಿ ಪ್ರಕಟವಾದ ಫಲಿತಾಂಶವು ಅನೇಕರನ್ನು ಬೆರಗುಗೊಳಿಸಿತು. ಮನೆಯಲ್ಲಿ ಓದಿ ಹೇಳಿದ ಮಕ್ಕಳೇ ಸ್ಪಷ್ಟವಾಗಿ ಮುಂದೆ ಬಂದಿದ್ದರು. ಆ ತಂದೆತಾಯಿಗಳಲ್ಲಿ ಇಂಗ್ಲಿಷು ಬಾರದವರೂ ಇದ್ದರು, ಓದಲು ಬಾರದವರೂ ಇದ್ದರು. ಕೇಳುವ ಕಿವಿಯೊಂದು ಮನೆಯಲ್ಲಿದ್ದರೆ ಓದುವ ಬಾಯಿ ತಾನಾಗಿ ಪಳಗುವುದೆಂಬುದು ಇದರಿಂದ ಸಿದ್ಧವಾಯಿತು.

ಇದು ನಮಗೆ ಅಪರಿಚಿತವಾದ ಮಾತಲ್ಲ. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಓದಿ ಮುಂದೆ ಬಂದ ನಮ್ಮಲ್ಲಿ ಅನೇಕರ ತಾಯಂದಿರು ಹೆಬ್ಬೆಟ್ಟಿನವರು. ರಜೆಗೆ ಊರಿಗೆ ಹೋದಾಗ ‘ಏನು ಕಲಿತೆಯಪ್ಪಾ, ಹೇಳು ನೋಡೋಣ’ ಎಂದು ಒಲೆಯ ಮುಂದೆ ಕುಳಿತು ಕೇಳಿದವರು ಅವರೇ. ನಾವು ಓದಿದುದು ಸರಿಯೋ ತಪ್ಪೋ ಅವರಿಗೆ ತಿಳಿಯುತ್ತಿರಲಿಲ್ಲ. ತಡವರಿಸಿದುದು ಮಾತ್ರ ತಪ್ಪದೆ ತಿಳಿಯುತ್ತಿದ್ದಿತು.

ಆದುದರಿಂದ ಸದ್ಭಕ್ತರಾದ ವಾಚಕರಲ್ಲಿ ಒಂದು ವಿನಂತಿ. ಮನೆಪಾಠಕ್ಕೆ ಹಣ ತೆತ್ತೊಡನೆ ನಮ್ಮ ಪಾಲು ಮುಗಿಯಿತೆಂದು ತಿಳಿಯಬೇಡಿರಿ. ದಿನಕ್ಕೆ ಕಾಲು ಗಂಟೆ ಮಗು ಓದುವುದನ್ನು ಕೇಳಿರಿ. ಓದಿದುದರ ಅರ್ಥವನ್ನು ಅದರ ಮಾತಿನಲ್ಲಿಯೇ ಹೇಳಿಸಿರಿ. ಅರ್ಥ ಕೇಳುವವರಿಲ್ಲದೆ ಹೋದುದರಿಂದಲೇ ಹಿಂದಿನ ಮಕ್ಕಳು ಗಿಳಿಗಳಾದರು. ಅಂಗಡಿಗೆ ಕಳುಹಿಸಿ ಉಳಿದ ಚಿಲ್ಲರೆಯ ಲೆಕ್ಕ ಕೊಡಿಸಿರಿ. ಅರ್ಧ ಕಿಲೋ ಬೇಳೆಯ ಬೆಲೆಯಿಂದ ಕಾಲು ಕಿಲೋದ ಬೆಲೆಯನ್ನು ಕೇಳಿರಿ. ತಪ್ಪಿದರೆ ಗದರಿಸಬೇಡಿರಿ, ಅಂಗೈಯ ಪೆಟ್ಟಿನ ಕಾಲ ಮುಗಿದಿದೆ. ಮಗನನ್ನು ಕೇಳಿದಂತೆ ಮಗಳನ್ನೂ ಕೇಳಿರಿ. ಶಾಲೆಯಿಂದ ಕರೆ ಬಂದ ದಿನ ಒಂದು ಹೊತ್ತಿನ ಕೆಲಸ ಬಿಟ್ಟಾದರೂ ಹೋಗಿ, ಅಂಕಗಳೆಷ್ಟೆಂದು ಕೇಳುವುದಕ್ಕೆ ಮೊದಲು ‘ನಮ್ಮ ಮಗು ಎಲ್ಲಿ ತಡವರಿಸುತ್ತದೆ?’ ಎಂದು ಕೇಳಿರಿ. ಶಿಕ್ಷಕರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು, ದೂರು ಹೇಳುವುದಕ್ಕಷ್ಟೇ ಪೋಷಕರನ್ನು ಕರೆಯದೆ, ಮಗು ಕಲಿತುದನ್ನು ಅವರ ಮುಂದೆ ತೋರಿಸುವುದಕ್ಕೂ ಕರೆಯಲಿ. ಕೂಲಿಗೆ ಹೋಗುವ ತಾಯಿಗೆ ಬರಲಾಗದಿದ್ದರೆ, ಹಿಂದಿನ ಐಗಳಂತೆ ಒಂದು ಸಂಜೆ ತಾವೇ ಅವಳ ಮನೆಯ ಬಾಗಿಲಿಗೆ ಹೋಗಲಿ.

ಅಕ್ಕಿಯ ಮೇಲೆ ಬರೆದ ಅಕ್ಷರ ಮರುಗಳಿಗೆಯಲ್ಲಿ ಅಳಿಸಿಹೋಗುತ್ತಿದ್ದಿತು. ಆದರೆ ಅದನ್ನು ಬರೆಯುವಾಗ ಗುರುವೂ ತಂದೆತಾಯಿಗಳೂ ಜೊತೆಗಾರರೂ ಮಗುವಿನ ಸುತ್ತ ಕುಳಿತಿದ್ದರು. ಹಳೆಯ ಮಠದಿಂದ ನಾವು ಮರಳಿ ತರತಕ್ಕುದು ಆ ಕೂಟವೊಂದನ್ನೇ.